ಕರೆಂಟು ಎಲ್ಲಿಂದ ಬರುತ್ತದೆ, ಯಾವ ಹೊತ್ತಿಗೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಕಣ ಪೂರ್ತಿ ವಿದ್ಯುತ್ತಿಗೆ ಮೀಸಲು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಒಂದೇ ಗೊಂದಲ ಬೇರೆ ಬೇರೆ ರೂಪದಲ್ಲಿ ಕಾಣಿಸಿತು. ದೇಶದ ಕರೆಂಟಿನ ಮೂಲ ಬದಲಾಗುತ್ತಿದೆ ಅನ್ನುತ್ತಾರೆ, ಆದರೆ ನಮ್ಮ ಕಣ್ಣೆದುರಿಗೆ ಕಾಣುವುದಕ್ಕೂ ಆ ಮಾತಿಗೂ ತಾಳೆ ಬೀಳುತ್ತಿಲ್ಲ ಎಂಬುದು. ಆಯ್ದ ಕೆಲವು ಪತ್ರಗಳಿಗೆ ಇಲ್ಲಿ ಉತ್ತರವಿದೆ.

ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಕಲ್ಲಿದ್ದಲು, ಗ್ಯಾಸು ಸುಡದೇ ಬರುವಂಥದ್ದು ಅಂತ ಪೇಪರಿನಾಗ ಓದಿದೆ. ಹಂಗಿದ್ರ ನಮ್ಮ ಕೂಡಗಿ ಪವರ್ ಪ್ಲಾಂಟಿಗೆ ಕಲ್ಲಿದ್ದಲಿನ ಗಾಡಿ ಇನ್ನೂ ಯಾಕ ಸಾಲುಗಟ್ಟಿ ಬರ್ತಾವ್ರಿ?
– ಪದವಿ ವಿದ್ಯಾರ್ಥಿನಿ, ಬಸವನ ಬಾಗೇವಾಡಿ

ನೀವು ಓದಿದ್ದೂ ನಿಜ, ಗಾಡಿ ಬರುವುದೂ ನಿಜ. ಕೊಟ್ಟಿಗೆಯಲ್ಲಿ ಎಷ್ಟು ಎತ್ತು ಕಟ್ಟಿದ್ದೀರಿ ಎನ್ನುವುದು ಒಂದು ಲೆಕ್ಕ, ಅವು ವರ್ಷದಲ್ಲಿ ಎಷ್ಟು ಎಕರೆ ಹರಗಿದವು ಎನ್ನುವುದು ಇನ್ನೊಂದು ಲೆಕ್ಕ. ಕರೆಂಟಿನಲ್ಲಿ ಮೊದಲನೆಯದನ್ನು ಮೆಗಾವ್ಯಾಟಿನಲ್ಲೂ ಎರಡನೆಯದನ್ನು ಯೂನಿಟ್ಟಿನಲ್ಲೂ ಅಳೆಯುತ್ತಾರೆ. ಪೇಪರಿನವರು ಕೊಟ್ಟದ್ದು ಮೊದಲನೆಯದು.

2025ರ ಮಾರ್ಚ್ ಕೊನೆಗೆ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯ ಸುಮಾರು 4.75 ಲಕ್ಷ ಮೆಗಾವ್ಯಾಟ್ ಇತ್ತು. ಇದರಲ್ಲಿ ಕಲ್ಲಿದ್ದಲು ಮತ್ತು ಲಿಗ್ನೈಟ್ ಸುಮಾರು 2.2 ಲಕ್ಷ, ಸೌರ 1.05 ಲಕ್ಷ, ಗಾಳಿ 50 ಸಾವಿರ, ದೊಡ್ಡ ಜಲವಿದ್ಯುತ್ 47 ಸಾವಿರ, ಅಣು 8 ಸಾವಿರ ಚಿಲ್ಲರೆ ಮೆಗಾವ್ಯಾಟ್. ಅದೇ ವರ್ಷದ ಜೂನ್ ಹೊತ್ತಿಗೆ ಕಲ್ಲಿದ್ದಲು, ಗ್ಯಾಸು, ಡೀಸೆಲ್ ಬಿಟ್ಟು ಉಳಿದದ್ದೆಲ್ಲ ಸೇರಿ ಅರ್ಧ ದಾಟಿತು. 2030ಕ್ಕೆ ಮುಟ್ಟಬೇಕಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದಂತಾಯಿತು. ಇದು ಸಣ್ಣ ಸಾಧನೆಯಲ್ಲ. 2014ರ ಮಾರ್ಚಿನಲ್ಲಿ ದೇಶದ ಸೌರ ಸಾಮರ್ಥ್ಯ 3 ಸಾವಿರ ಮೆಗಾವ್ಯಾಟ್ ಕೂಡ ಇರಲಿಲ್ಲ.

ಈಗ ಹರಗಿದ ಎಕರೆಯ ಲೆಕ್ಕಕ್ಕೆ ಬರೋಣ. ವರ್ಷಕ್ಕೆ 8,760 ತಾಸು. ಒಂದು ಮೆಗಾವ್ಯಾಟಿನ ಯಂತ್ರ ಒಂದು ಕ್ಷಣವೂ ನಿಲ್ಲದೆ ಓಡಿದರೆ 87.6 ಲಕ್ಷ ಯೂನಿಟ್ ಕೊಡಬೇಕು. ಅಣು ಸ್ಥಾವರ ಇದರಲ್ಲಿ 70 ಲಕ್ಷದ ಆಸುಪಾಸು ಕೊಡುತ್ತದೆ, ಕಲ್ಲಿದ್ದಲಿನದು ದೇಶದ ಸರಾಸರಿಯಲ್ಲಿ 60 ಲಕ್ಷ, ಗಾಳಿಯದು 17ರಿಂದ 20 ಲಕ್ಷ. ರಾತ್ರಿ ಇಲ್ಲ, ಬೆಳಿಗ್ಗೆ-ಸಂಜೆ ಅರೆಬರೆ, ಮಳೆಗಾಲದಲ್ಲಿ ಮೋಡ, ಹೀಗಾಗಿ ಸೌರದ್ದು 16ರಿಂದ 17 ಲಕ್ಷ. ಅಂದರೆ ಕಲ್ಲಿದ್ದಲಿನ ಒಂದು ಮೆಗಾವ್ಯಾಟ್ ಮಾಡುವ ಕೆಲಸಕ್ಕೆ ಸೌರದ ಮೂರೂವರೆ ಮೆಗಾವ್ಯಾಟ್ ಬೇಕು. 2024-25ರಲ್ಲಿ ದೇಶ ಉತ್ಪಾದಿಸಿದ್ದು ಸುಮಾರು 1.82 ಲಕ್ಷ ಕೋಟಿ ಯೂನಿಟ್. ಅದರಲ್ಲಿ ಕಲ್ಲಿದ್ದಲಿನ ಪಾಲು ನೂರಕ್ಕೆ 73ರ ಹತ್ತಿರ, ಸೌರ 8, ದೊಡ್ಡ ಜಲವಿದ್ಯುತ್ 8, ಗಾಳಿ ನಾಲ್ಕೂವರೆ, ಅಣು 3.

ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿವೆ. ಒಂದೇ ಘಟಕವನ್ನು ತೆಗೆದುಕೊಳ್ಳಿ. ಅದು ಇಡೀ ದಿನ ಪೂರ್ತಿ ಲೋಡಿನಲ್ಲಿ ಓಡಿದರೆ 1 ಕೋಟಿ 92 ಲಕ್ಷ ಯೂನಿಟ್. ಯೂನಿಟ್ಟಿಗೆ 600ರಿಂದ 650 ಗ್ರಾಂ ಕಲ್ಲಿದ್ದಲು ಹಿಡಿದರೆ ದಿನಕ್ಕೆ ಸುಮಾರು 12 ಸಾವಿರ ಟನ್. ಒಂದು ಗೂಡ್ಸ್ ಗಾಡಿ 58-59 ವ್ಯಾಗನ್ ಎಳೆದುಕೊಂಡು ತರುವುದು ಹೆಚ್ಚೆಂದರೆ 4 ಸಾವಿರ ಟನ್. ಹೀಗಾಗಿ ಒಂದು ಘಟಕಕ್ಕೆ ದಿನಕ್ಕೆ ಮೂರು ಗಾಡಿ, ಮೂರೂ ಘಟಕಕ್ಕೆ ಒಂಬತ್ತು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 40 ಭಾಗ ಬೂದಿ. ಮೂರು ಗಾಡಿ ಕಲ್ಲಿದ್ದಲು ಒಳಗೆ ಹೋದರೆ ಹೆಚ್ಚುಕಡಿಮೆ ಒಂದು ಗಾಡಿಯಷ್ಟು ಬೂದಿ ಹೊರಗೆ ಬರುತ್ತದೆ. ಸಿಮೆಂಟಿಗೆ, ಇಟ್ಟಿಗೆಗೆ ಹೋಗಿ ಉಳಿದ ಬೂದಿಯನ್ನು ಕೆರೆ ಕಟ್ಟಿ ತೇವದಲ್ಲಿ ಇಡಬೇಕು. ಆ ಬೂದಿಕೆರೆ ಬೇಸಿಗೆಯಲ್ಲಿ ಒಣಗಿದರೆ ಸುತ್ತಲಿನ ಹೊಲದ ಎಲೆಯ ಮೇಲೆ ಕೂಡುವುದು ಅದೇ. ಯೂನಿಟ್ಟಿಗೆ ಮೂರು ಲೀಟರಿನ ಲೆಕ್ಕದಲ್ಲಿ ಒಂದೊಂದು ಘಟಕಕ್ಕೆ ದಿನಕ್ಕೆ ಐದೂಮುಕ್ಕಾಲು ಕೋಟಿ ಲೀಟರ್ ನೀರೂ ಬೇಕು. ಅದು ಆಲಮಟ್ಟಿ ಹಿನ್ನೀರಿನಿಂದ ಬರುತ್ತದೆ.

ಇನ್ನೊಂದು ಕಾರಣ ಬೇಡಿಕೆ. 2024ರ ಮೇ 30ರಂದು ದೇಶದ ಬೇಡಿಕೆ 2.5 ಲಕ್ಷ ಮೆಗಾವ್ಯಾಟ್ ಮುಟ್ಟಿತು. ಹೊಸ ಸೌರ ವಿದ್ಯುತ್ತಿನ ಬಹುಭಾಗ ಹೊಸ ಬೇಡಿಕೆಗೇ ಖರ್ಚಾಗುತ್ತಿದೆ. ಹಳೆಯ ಕಲ್ಲಿದ್ದಲನ್ನು ಕೆಳಗಿಳಿಸಲು ಉಳಿಯುವುದು ಸ್ವಲ್ಪವೇ. ಆದ್ದರಿಂದ ಇನ್ನು ಮುಂದೆ ಪೇಪರಿನಲ್ಲಿ ಇಂಥ ಸುದ್ದಿ ಕಂಡಾಗ ಅಂಕಿಯ ಮುಂದೆ ‘ಮೆಗಾವ್ಯಾಟ್’ ಇದೆಯೋ ‘ಯೂನಿಟ್’ ಇದೆಯೋ ಅಂತ ಮೊದಲು ನೋಡಿ.

ಡ್ಯಾಮ್ ತುಂಬಿದಾಗ 123 ಟಿಎಂಸಿ ನೀರು. ಇಷ್ಟು ನೀರಿದ್ದೂ ಆಲಮಟ್ಟಿ ಕರೆಂಟು ಬೇಸಿಗೆಗೆ ಯಾಕಿಲ್ಲ? ಶರಾವತಿ ಮಾತ್ರ ವರ್ಷಪೂರ್ತಿ ಹೆಂಗ ನಡೀತದ?
– ಅಂಗಡಿಕಾರರು, ನಿಡಗುಂದಿ

ಜಲವಿದ್ಯುತ್ತಿಗೆ ನೀರಿನ ಪ್ರಮಾಣದಷ್ಟೇ ಮುಖ್ಯವಾದದ್ದು ಅದು ಬೀಳುವ ಎತ್ತರ. ಆಲಮಟ್ಟಿಯಲ್ಲಿ ನೀರು ಟರ್ಬೈನಿಗೆ ಬೀಳುವ ಎತ್ತರ ಸುಮಾರು 25 ಮೀಟರ್, ಶರಾವತಿಯಲ್ಲಿ 440 ಮೀಟರಿನ ಹತ್ತಿರ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್ ನೀರು. ಯಂತ್ರದ ನಷ್ಟ ಕಳೆದು ಲೆಕ್ಕ ಹಾಕಿದರೆ ಆಲಮಟ್ಟಿಯಲ್ಲಿ ಒಂದು ಟಿಎಂಸಿಗೆ ಸಿಗುವುದು ಸುಮಾರು 17 ಲಕ್ಷ ಯೂನಿಟ್, ಶರಾವತಿಯಲ್ಲಿ ಹತ್ತಿರ ಹತ್ತಿರ 3 ಕೋಟಿ. ಅಲ್ಲಿ ಒಂದು ಟಿಎಂಸಿ ಮಾಡುವ ಕೆಲಸಕ್ಕೆ ಇಲ್ಲಿ ಹದಿನೇಳು ಬೇಕು. ಆಲಮಟ್ಟಿಯ ವಿದ್ಯುದಾಗಾರ 290 ಮೆಗಾವ್ಯಾಟಿನದು, 55ರ ಐದು ಯಂತ್ರ ಮತ್ತು 15ರ ಒಂದು. ಆರೂ ಓಡಬೇಕಾದರೆ 42ರಿಂದ 45 ಸಾವಿರ ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು ಬಿಡಬೇಕು. ಆ ವೇಗದಲ್ಲಿ ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಟಿಎಂಸಿ ಖಾಲಿ. ಬೇಸಿಗೆಯಲ್ಲಿ ಹಾಗೆ ಬಿಟ್ಟರೆ ಒಂದೇ ತಿಂಗಳಿಗೆ ಕುಡಿಯಲಿಕ್ಕೂ ನೀರು ಉಳಿಯುವುದಿಲ್ಲ.

ಅದಕ್ಕೇ ಆಲಮಟ್ಟಿಯಲ್ಲಿ ಕರೆಂಟು ನೀರಾವರಿಯ ಬೆನ್ನು ಹಿಡಿದು ಹೋಗುತ್ತದೆ. ಮಹಾಬಳೇಶ್ವರದ ಕಡೆ ಮಳೆ ಹಿಡಿದು ಜುಲೈ-ಆಗಸ್ಟ್‌ನಲ್ಲಿ ಒಳಹರಿವು ಬಂದಾಗ, ನಾರಾಯಣಪುರಕ್ಕೆ ಹೇಗೂ ಬಿಡಬೇಕಾದ ನೀರನ್ನು ಗೇಟಿನ ಬದಲು ಟರ್ಬೈನಿನ ಮೂಲಕ ಬಿಡುತ್ತಾರೆ. 45 ಸಾವಿರ ಕ್ಯೂಸೆಕ್ಕಿಗಿಂತ ಹೆಚ್ಚು ಬಂದದ್ದು ಕ್ರೆಸ್ಟ್ ಗೇಟಿನಿಂದ ಸುಮ್ಮನೆ ಹೋಗುತ್ತದೆ. ಮಹಾಪೂರ ಬಂದಾಗ ಇನ್ನೊಂದು ತೊಂದರೆ. ಡ್ಯಾಮಿನ ಕೆಳಗೆ ನೀರು ಏರಿ, ಮೇಲಿನ ಮಟ್ಟಕ್ಕೂ ಕೆಳಗಿನ ಮಟ್ಟಕ್ಕೂ ಇರುವ ಅಂತರ ಕಡಿಮೆಯಾಗಿ ಉತ್ಪಾದನೆ ಇಳಿಯುತ್ತದೆ. ನೀರು ಬಹಳ ಇದ್ದಾಗಲೇ ಕರೆಂಟು ಕಡಿಮೆ ಎಂದರೆ ಜನ ನಂಬುವುದಿಲ್ಲ, ಆದರೆ ಕಾರಣ ಇಷ್ಟೇ.

ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಗುವ ತನಕ ಕರ್ನಾಟಕ ಹೆಚ್ಚಾಗಿ ನೀರಿನ ಮೇಲೇ ನಿಂತಿತ್ತು. ಮಳೆ ಕೈಕೊಟ್ಟ ವರ್ಷ ಕಾರ್ಖಾನೆಗಳಿಗೆ ಪವರ್ ಕಟ್. ಇಡೀ ದೇಶದಲ್ಲೂ 1960ರ ದಶಕದಲ್ಲಿ ಸಾಮರ್ಥ್ಯದ ಸುಮಾರು ಅರ್ಧ ಜಲವಿದ್ಯುತ್ತೇ ಇತ್ತು. ಈಗ ಹತ್ತರಲ್ಲಿ ಒಂದು ಪಾಲು. ಆದರೂ ಜಲವಿದ್ಯುತ್ತಿನ ಮಹತ್ವ ಇಳಿದಿಲ್ಲ, ಏರಿದೆ. ಕಲ್ಲಿದ್ದಲಿನ ಘಟಕ ತಣ್ಣಗಾಗಿದ್ದರೆ ಪೂರ್ತಿ ಲೋಡಿಗೆ ಬರಲು ಅರ್ಧ ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಶರಾವತಿಯ ಯಂತ್ರ ಕೆಲವೇ ನಿಮಿಷದಲ್ಲಿ ಬರುತ್ತದೆ. ಸಂಜೆ ಹೊತ್ತಿಗೆ ಇದು ಯಾಕೆ ಮುಖ್ಯ ಎಂಬುದು ಬೆಳಗಾವಿಯ ಪತ್ರಕ್ಕೆ ಕೊಟ್ಟ ಉತ್ತರದಲ್ಲಿದೆ.

ಮೊದಲ ರಾತ್ರಿ ಹನ್ನೆರಡಕ್ಕ ತ್ರೀ ಫೇಸ್ ಕೊಡ್ತಿದ್ರು. ಈಗ ನಮ್ಮ ಫೀಡರ್ ಲೈನಿಗೆ ಹಗಲೀನ ಕೊಡಾಕತ್ತಾರ. ಹಾವು-ಚೇಳಿನ ಅಂಜಿಕಿ ತಪ್ಪಿತು, ಖರೆ. ಆದ್ರ ಕರೆಂಟ್ ಬಂದ ಕೂಡ್ಲೇ ಟೀಸಿ (ಟ್ರಾನ್ಸ್‌ಫಾರ್ಮರ್) ಫ್ಯೂಸ್ ಹೋಗ್ತದ, ಒಂದೇ ವರ್ಷದಾಗ ಎರಡು ಮೋಟರ್ ಸುಟ್ಟಾವ. ಏನ್ ಮಾಡಬೇಕ್ರಿ?
– ರೈತರು, ಬೀಳಗಿ ತಾಲೂಕು

ರಾತ್ರಿಯಿಂದ ಹಗಲಿಗೆ ಬಂದದ್ದೇ ವಿದ್ಯುತ್ತಿನ ಮೂಲ ಬದಲಾಗಿದೆ ಎಂಬುದಕ್ಕೆ ಹೊಲದಲ್ಲಿ ಸಿಗುವ ಸಾಕ್ಷಿ. ಹಿಂದೆ ರಾತ್ರಿ ಹೊತ್ತು ಊರು ಮಲಗಿದಾಗ ಶಾಖೋತ್ಪನ್ನ ಘಟಕಗಳಿಗೆ ಲೋಡ್ ಸಾಲುತ್ತಿರಲಿಲ್ಲ, ಆ ಕರೆಂಟನ್ನು ಪಂಪ್‌ಸೆಟ್ಟಿಗೆ ತಿರುಗಿಸುತ್ತಿದ್ದರು. ಈಗ ಪಾವಗಡದ 2,050 ಮೆಗಾವ್ಯಾಟಿನ ಸೌರ ಪಾರ್ಕಿನಂಥವು ಬಂದ ಮೇಲೆ ಅಗ್ಗದ ಕರೆಂಟು ಹೆಚ್ಚಾಗಿ ಇರುವುದು ಬೆಳಿಗ್ಗೆ 9ರಿಂದ ಸಂಜೆ 4ರ ನಡುವೆ. ಏಳು ತಾಸಿನ ತ್ರೀ ಫೇಸ್ ಆ ಹೊತ್ತಿಗೆ ಸರಿಯಾಗಿ ಕೂಡುತ್ತದೆ. ನಿಮ್ಮ ಫೀಡರಿಗೆ ಹಗಲು ಪಾಳಿ ಸಿಕ್ಕಿದ್ದರೆ ಅದನ್ನು ಬಿಡಬೇಡಿ.

ಫ್ಯೂಸಿನ ಲೆಕ್ಕ ನೋಡಿ. 5 ಎಚ್‌ಪಿ ಮೋಟರ್ ಅಂದರೆ ಶಾಫ್ಟಿನಲ್ಲಿ 3.7 ಕಿಲೋವ್ಯಾಟ್. ಮೋಟರಿನ ನಷ್ಟ, ಪವರ್ ಫ್ಯಾಕ್ಟರ್ ಸೇರಿಸಿದರೆ ಟೀಸಿಯಿಂದ ಎಳೆಯುವುದು ಹತ್ತಿರ ಹತ್ತಿರ 6 ಕೆವಿಎ (ಟೀಸಿಯ ಹೊರೆ ಅಳೆಯುವ ಮಾನ). 25 ಕೆವಿಎ ಟೀಸಿಗೆ ನಾಲ್ಕು ಮೋಟರ್ ಬಂದರೆ ತುಂಬಿತು, 63ರದಕ್ಕೆ ಹತ್ತು. ಡೈರೆಕ್ಟ್ ಸ್ಟಾರ್ಟರಿನಲ್ಲಿ ಮೋಟರ್ ಎದ್ದೇಳುವಾಗ ಓಡುವ ಕರೆಂಟಿನ ಆರು ಪಟ್ಟು ಎಳೆಯುತ್ತದೆ. ಎಲ್ಲರೂ ಆಟೋ ಸ್ಟಾರ್ಟರ್ ಹಾಕಿ ಮನೆಯಲ್ಲಿ ಕೂತಿರುತ್ತೀರಿ. ಲೈನಿಗೆ ಕರೆಂಟು ಬಂದ ಕ್ಷಣಕ್ಕೆ ಹತ್ತೂ ಮೋಟರ್ ಒಟ್ಟಿಗೆ ಏಳುತ್ತವೆ, ವೋಲ್ಟೇಜ್ ಧಪ್ಪನೆ ಬೀಳುತ್ತದೆ, ಒಂದೂ ಪೂರ್ತಿ ವೇಗಕ್ಕೆ ಬರುವುದಿಲ್ಲ, ಎಲ್ಲವೂ ಆರು ಪಟ್ಟು ಎಳೆಯುತ್ತಲೇ ನಿಲ್ಲುತ್ತವೆ. ಫ್ಯೂಸ್ ಹೋದರೆ ಪುಣ್ಯ. ಫ್ಯೂಸಿಗೆ ದಪ್ಪ ತಂತಿ ಕಟ್ಟಿದ್ದರೆ ಹೋಗುವುದು ಟೀಸಿ ಅಥವಾ ವೈಂಡಿಂಗ್.

ಒಂದು ಟೀಸಿಯವರೆಲ್ಲ ಕೂತು ಸರದಿ ಮಾಡಿಕೊಳ್ಳಿ. ಪ್ರತಿ ಆಟೋ ಸ್ಟಾರ್ಟರಿಗೆ ಆನ್-ಡಿಲೇ ಟೈಮರ್ ಹಾಕಿಸಿ. ಒಬ್ಬರದು ಒಂದು ನಿಮಿಷಕ್ಕೆ, ಮುಂದಿನವರದು ಎರಡಕ್ಕೆ, ಹೀಗೆ. ಟೀಸಿ ರಿಪೇರಿಗೆ ಕಾಯುವ ಹತ್ತು ದಿನದ ಮುಂದೆ ಇದರ ಖರ್ಚು ಏನೇನೂ ಅಲ್ಲ. ಎರಡನೆಯದು, ಪವರ್ ಫ್ಯಾಕ್ಟರ್ ಸುಧಾರಿಸಿ ಟೀಸಿಯ ಹೊರೆ ಇಳಿಸುವ ಕೆಪಾಸಿಟರ್. 3 ಎಚ್‌ಪಿಗೆ 1 ಕೆವಿಎಆರ್ (ಕೆಪಾಸಿಟರಿನ ಅಳತೆ), 5ಕ್ಕೆ 2, ಏಳೂವರೆಗೆ 3, ಹತ್ತಕ್ಕೆ 4. ಅದನ್ನು ಮೋಟರಿನ ಕಡೆಗೆ, ಸ್ಟಾರ್ಟರ್ ಆದ ಮೇಲೆ ಕೂಡಿಸಬೇಕು. ಲೈನಿನ ಕಡೆಗೆ ಕೂಡಿಸಿದರೆ ಮೋಟರ್ ನಿಂತಾಗಲೂ ಅದು ಲೈನಿನಲ್ಲೇ ಉಳಿಯುತ್ತದೆ. ಬಾಯಿ ಉಬ್ಬಿದ್ದು, ಎಣ್ಣೆ ಸೋರಿದ್ದು ಕಂಡರೆ ಬದಲಿಸಿ. ಮೂರನೆಯದು, ಸಿಂಗಲ್ ಫೇಸ್ ತಡೆಯುವ ಪ್ರಿವೆಂಟರನ್ನು ಯಾರೂ ಬೈಪಾಸ್ ಮಾಡಬಾರದು. ಒಂದು ಫೇಸ್ ತಪ್ಪಿದಾಗ ಉಳಿದ ಎರಡರ ಮೇಲೆ ಓಡುವ ಮೋಟರ್ ಸುಡಲು ಕೆಲವೇ ನಿಮಿಷ ಸಾಕು. ನಿಮ್ಮ ಎರಡೂ ಮೋಟರಿನ ವೈಂಡಿಂಗ್ ಬಿಚ್ಚಿದ ರಿಪೇರಿಯವರನ್ನು ಕೇಳಿ. ಮೂರು ಸೆಟ್ ಸುರುಳಿಯಲ್ಲಿ ಎರಡು ಕರ್ರಗಾಗಿ ಒಂದು ಚೊಕ್ಕ ಇದ್ದಿದ್ದರೆ ಕಾರಣ ಇದೇ. ಮೂರೂ ಒಂದೇ ಸಮ ಕರ್ರಗಾಗಿದ್ದರೆ ಲೋ ವೋಲ್ಟೇಜ್ ಇಲ್ಲವೇ ಪಂಪು ಜಾಮ್.

ಹೊಸ ಕೊಳವೆಬಾವಿ ಈಗಿರುವ ಲೈನಿನಿಂದ 500 ಮೀಟರಿಗಿಂತ ದೂರ ಇದ್ದರೆ ಸೌರ ಪಂಪ್‌ಸೆಟ್ಟೇ ದಾರಿ. ಸೌರ ಪಂಪಿಗೆ ಸಹಾಯಧನ ಕೊಡುವ ಕುಸುಮ್-ಬಿ ಯೋಜನೆಯಲ್ಲಿ ವೆಚ್ಚದ ಪಾಲು ಕೇಂದ್ರದ್ದು ನೂರಕ್ಕೆ 30, ರಾಜ್ಯದ್ದು 50, ರೈತರದು 20. 5 ಎಚ್‌ಪಿಗೆ 4,800 ವ್ಯಾಟಿನ ಪ್ಯಾನೆಲ್ ಕೊಡುತ್ತಾರೆ. ಬೆಳಿಗ್ಗೆ ಎಂಟರ ಮೊದಲು ನೀರು ತೆಳ್ಳಗೆ ಬಂದರೆ ಪಂಪು ಕೆಟ್ಟಿದೆ ಎಂದು ತಿಳಿಯಬೇಡಿ, ಬಿಸಿಲು ಏರಿದಂತೆ ನೀರೂ ಏರುತ್ತದೆ. ಕಬ್ಬಿಗೆ ನೇರ ಹರಿಸುವ ಬದಲು ತೊಟ್ಟಿಗೋ ಕೃಷಿ ಹೊಂಡಕ್ಕೋ ಏರಿಸಿಕೊಂಡರೆ ಸಂಜೆಗೂ ಕೈಯಲ್ಲಿ ನೀರಿರುತ್ತದೆ.

ನಮ್ಮ ಕಬ್ಬಿನ ಸಿಪ್ಪಿಯಿಂದ ಫ್ಯಾಕ್ಟರಿ ಎಷ್ಟು ಕರೆಂಟ್ ಮಾಡ್ತದ? ದೇಶದ ಲೆಕ್ಕದಾಗ ಅದು ಬರ್ತದೋ ಇಲ್ಲೋ?
– ಕಬ್ಬು ಬೆಳೆಗಾರರು, ಮುಧೋಳ

ಬರುತ್ತದೆ, ‘ಜೈವಿಕ’ ಎಂಬ ಹೆಸರಿನಲ್ಲಿ. ರಾಜ್ಯದ ಸಕ್ಕರೆ ಕಾರ್ಖಾನೆಗಳಲ್ಲಿ ಬಹುಪಾಲು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲೇ ಇರುವುದರಿಂದ ಈ ಲೆಕ್ಕ ನಮ್ಮ ಮನೆಯ ಲೆಕ್ಕವೇ.

ಒಂದು ಟನ್ ಕಬ್ಬು ನುರಿಸಿದರೆ 280ರಿಂದ 300 ಕೆಜಿ ಬಗ್ಯಾಸ್, ಅಂದರೆ ಸಿಪ್ಪೆ. ಅದರಲ್ಲಿ ಅರ್ಧ ನೀರು. ಹಳೆಯ ಕಡಿಮೆ ಒತ್ತಡದ ಬಾಯ್ಲರ್ ಇದ್ದ ಕಾರ್ಖಾನೆಯಲ್ಲಿ ಇದು ಸ್ವಂತ ಖರ್ಚಿಗೆ ಸರಿಹೋಗುತ್ತಿತ್ತು. 67, 87, 110 ಕೆಜಿ ಒತ್ತಡದ ಬಾಯ್ಲರ್ ಬಂದ ಮೇಲೆ ಅದೇ ಸಿಪ್ಪೆಯಿಂದ ಸ್ವಂತ ಬಳಕೆ ಕಳೆದು ಟನ್ ಕಬ್ಬಿಗೆ 70ರಿಂದ 100 ಯೂನಿಟ್ ಗ್ರಿಡ್ಡಿಗೆ (ಎಲ್ಲರ ಕರೆಂಟು ಹರಿಯುವ ವಿದ್ಯುತ್ ಜಾಲಕ್ಕೆ) ಉಳಿಯುತ್ತದೆ. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆ 80 ಯೂನಿಟ್ಟಿನ ಲೆಕ್ಕದಲ್ಲಿ ದಿನಕ್ಕೆ 4 ಲಕ್ಷ ಯೂನಿಟ್ ಹೊರಗೆ ಕೊಡುತ್ತದೆ. ಅಂದರೆ ಹಗಲೂ ರಾತ್ರಿ ಎಡೆಬಿಡದ 16-17 ಮೆಗಾವ್ಯಾಟ್. ರಾತ್ರಿಯೂ ಬರುವುದು ಇದರ ದೊಡ್ಡ ಗುಣ. ಇನ್ನೊಂದು ಗುಣ, ಕಾರ್ಖಾನೆಯ ಕರೆಂಟು ಅಲ್ಲಿಯೇ ಹತ್ತಿರದ ಸಬ್‌ಸ್ಟೇಷನ್ನಿಗೆ ಹೋಗುವುದರಿಂದ ದೂರದ ಲೈನಿನ ನಷ್ಟ ಕಡಿಮೆ.

ಕೆಡುವುದು ಎಲ್ಲಿ? ಕೊನೆಯ ಗಾಣದಲ್ಲಿ ಹಿಂಡುವುದು ಸಾಲದೆ ಸಿಪ್ಪೆಯ ತೇವ ನೂರಕ್ಕೆ 52 ದಾಟಿದರೆ ಕುಲುಮೆ ಮಂಕಾಗುತ್ತದೆ, ಉಗಿ ಇಳಿಯುತ್ತದೆ. ಕಬ್ಬಿನ ಜೊತೆ ರವದಿ, ಮಣ್ಣು ಸೇರಿ ಬಂದರೆ ಅದರ ಪೊಟ್ಯಾಷ್, ಮರಳು ಕರಗಿ ಬಾಯ್ಲರಿನ ಕೊಳವೆಗೆ ಗಾಜಿನಂತೆ ಅಂಟುತ್ತದೆ. ಹಂಗಾಮು ಮುಗಿದ ಮೇಲೆ ಉಳಿದ ಸಿಪ್ಪೆಯ ಗುಡ್ಡೆ ಒಳಗೊಳಗೇ ಕಾದು ಹೊತ್ತಿಕೊಳ್ಳುವುದುಂಟು. ಎಲ್ಲಕ್ಕಿಂತ ದೊಡ್ಡ ತೊಂದರೆ ಬರಗಾಲ. ಮಳೆ ಇಲ್ಲದ ವರ್ಷ ಶರಾವತಿ, ಕಾಳಿ ಬತ್ತುತ್ತವೆ, ಮರುಹಂಗಾಮಿಗೆ ಕಬ್ಬೂ ಕಡಿಮೆ, ಬೋರಿನ ಮೋಟರುಗಳು ಮಾತ್ರ ಹೆಚ್ಚು ಹೊತ್ತು ಓಡಬೇಕು. 2023ರ ಅಕ್ಟೋಬರಿನಲ್ಲಿ ರಾಜ್ಯಕ್ಕೆ ಕರೆಂಟಿನ ಕೊರತೆ ಬಿದ್ದದ್ದು ಇಂಥದೇ ಹೊತ್ತಿನಲ್ಲಿ, ಮಳೆಗಾಲ ಒಣಗಿ ಬೇಡಿಕೆ ಏರಿದಾಗ.

ನಮ್ಮ ಅಭಿಪ್ರಾಯ ಹೇಳಬೇಕೆಂದರೆ, ಸಿಪ್ಪೆಯ ಕರೆಂಟನ್ನು ಸೌರದ ದರಕ್ಕೆ ಹೋಲಿಸಿ ‘ದುಬಾರಿ’ ಎಂದು ತಳ್ಳುವುದು ಸರಿಯಲ್ಲ. ಮಧ್ಯಾಹ್ನದ ಯೂನಿಟ್ಟಿಗೂ ರಾತ್ರಿ ಎಂಟರ ಯೂನಿಟ್ಟಿಗೂ ಒಂದೇ ದರ ಕಟ್ಟುವುದು ನ್ಯಾಯವಲ್ಲ.

ಮಧ್ಯಾಹ್ನ ಸೌರ ವಿದ್ಯುತ್ ಹೆಚ್ಚಾಗಿ ಬೇಡ ಅನ್ನುವಷ್ಟು ಬರುತ್ತದಂತೆ. ಮತ್ತೆ ಸಂಜೆ ಕರೆಂಟು ದುಬಾರಿ ಯಾಕೆ? ಮನೆಯವರಾದ ನಾವು ಏನಾದರೂ ಮಾಡಬಹುದೆ?
– ಗೃಹಿಣಿ, ಟಿಳಕವಾಡಿ, ಬೆಳಗಾವಿ

ವಿದ್ಯುತ್ತನ್ನು ಕಾಳಿನಂತೆ ಕಣಜಕ್ಕೆ ತುಂಬಿಡಲಾಗದು. ಈ ಕ್ಷಣ ಎಷ್ಟು ಬಳಕೆಯೋ ಅಷ್ಟೇ ಉತ್ಪಾದನೆ ಇರಬೇಕು. ಸರಿಸಮ ಇದ್ದಾಗ ಗ್ರಿಡ್ಡಿನ ಫ್ರೀಕ್ವೆನ್ಸಿ ಸೆಕೆಂಡಿಗೆ 50 ಆವರ್ತ. ಇದನ್ನು 49.90 ಮತ್ತು 50.05ರ ನಡುವೆ ಹಿಡಿದಿಡಬೇಕು ಎಂಬುದು ನಿಯಮ. ಬೇಡಿಕೆ ಹೆಚ್ಚಾದರೆ ಇಳಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಏರುತ್ತದೆ.

ಈಗ ಸಂಜೆ ನಾಲ್ಕರಿಂದ ಏಳರ ನಡುವೆ ಆಗುವುದನ್ನು ನೋಡಿ. ಸೂರ್ಯ ಇಳಿದಂತೆ ಸಾವಿರಾರು ಮೆಗಾವ್ಯಾಟ್ ಸೌರ ವಿದ್ಯುತ್ ಕರಗುತ್ತದೆ. ಅದೇ ಹೊತ್ತಿಗೆ ಮನೆಗಳಲ್ಲಿ ದೀಪ, ಟಿವಿ, ಮಿಕ್ಸರ್, ಏಸಿ. ಮೇಲೇರುವ ಗೆರೆಯೂ ಕೆಳಗಿಳಿಯುವ ಗೆರೆಯೂ ಒಂದನ್ನೊಂದು ದಾಟುವ ಈ ಮೂರು ತಾಸಿನಲ್ಲಿ ಜಲವಿದ್ಯುತ್ ಯಂತ್ರಗಳನ್ನು ಎಬ್ಬಿಸುತ್ತಾರೆ, ಕಲ್ಲಿದ್ದಲಿನ ಘಟಕಗಳನ್ನು ಏರಿಸುತ್ತಾರೆ. ಕಲ್ಲಿದ್ದಲಿನ ಘಟಕವನ್ನು ಮಧ್ಯಾಹ್ನ ಪೂರ್ತಿ ನಿಲ್ಲಿಸಿ ಸಂಜೆ ಎಬ್ಬಿಸಲಾಗದು. ಅದಕ್ಕೇ ಮಧ್ಯಾಹ್ನ ನೂರಕ್ಕೆ 55ರ ಲೋಡಿಗೆ ಇಳಿಸಿ ಕಾಯಿಸಿಟ್ಟಿರುತ್ತಾರೆ. 2023ರ ನಿಯಮದ ಪ್ರಕಾರ ಹಂತ ಹಂತವಾಗಿ 40ಕ್ಕೆ ಇಳಿಯುವಂತೆ ಘಟಕಗಳನ್ನು ಮಾರ್ಪಡಿಸಬೇಕು. ಇದು ಹೇಳಿದಷ್ಟು ಸುಲಭವಲ್ಲ. ಲೋಡ್ ಇಳಿಸಿದಾಗ ಬೆಂಕಿ ಅಲುಗುತ್ತದೆ, ಆರದಂತೆ ಎಣ್ಣೆ ಹಾಯಿಸಬೇಕಾಗುತ್ತದೆ, ಯೂನಿಟ್ಟಿಗೆ ಹೆಚ್ಚು ಕಲ್ಲಿದ್ದಲು ಹಿಡಿಯುತ್ತದೆ. ದಿನಾ ಕಾದು ತಣಿದು ಬಾಯ್ಲರಿನ ದಪ್ಪ ಕೊಳವೆಗಳ ಬೆಸುಗೆಯಲ್ಲಿ ಕೂದಲೆಳೆ ಬಿರುಕು ಹುಟ್ಟುತ್ತವೆ. ಸಂಜೆಯ ಯೂನಿಟ್ ದುಬಾರಿಯಾಗುವುದು ಇದರಿಂದ.

ಮಧ್ಯಾಹ್ನದ್ದನ್ನು ಸಂಜೆಗೆ ಸಾಗಿಸುವ ದಾರಿ ಎರಡು. ಒಂದು ಬ್ಯಾಟರಿ. ಇನ್ನೊಂದು, ಮೇಲೊಂದು ಕೆರೆ ಕೆಳಗೊಂದು ಕೆರೆ ಮಾಡಿ ಹಗಲು ನೀರು ಏರಿಸಿ ಸಂಜೆ ಇಳಿಸುವುದು. ಐದು ಯೂನಿಟ್ ಖರ್ಚು ಮಾಡಿ ಏರಿಸಿದರೆ ಇಳಿಸುವಾಗ ನಾಲ್ಕು ವಾಪಸ್ ಸಿಗುತ್ತದೆ. ನಮ್ಮ ಸವದತ್ತಿ ಬಳಿ ಇಂಥ ಯೋಜನೆ ಇದೆ. ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನದಕ್ಕೆ ಸಿದ್ಧತೆ ನಡೆದಿದೆ. ಆದರೆ ಅದು ಪಶ್ಚಿಮ ಘಟ್ಟದ ದಟ್ಟ ಕಾಡು, ವಿರೋಧಕ್ಕೆ ಬಲವಾದ ಕಾರಣವಿದೆ. ಸವದತ್ತಿಯ ಕುರುಚಲು ಗುಡ್ಡ ಇಂಥ ಕೆಲಸಕ್ಕೆ ಎಷ್ಟೋ ವಾಸಿ ಎಂದು ನಮಗೆ ಅನ್ನಿಸುತ್ತದೆ.

ಮನೆಯ ಮಟ್ಟಿಗೆ ಹೇಳುವುದಾದರೆ, ಕಾಯಬಹುದಾದ ಕೆಲಸವನ್ನು ಹಗಲಿಗೆ ತನ್ನಿ. ಮೇಲಿನ ಟ್ಯಾಂಕಿಗೆ ನೀರು ಏರಿಸುವುದು, ವಾಷಿಂಗ್ ಮಷಿನ್, ಇಸ್ತ್ರಿ, ಹಿಟ್ಟು ರುಬ್ಬುವುದು ಹನ್ನೊಂದರಿಂದ ಮೂರರೊಳಗೆ ಆಗಲಿ. ಕೇಂದ್ರದ 2023ರ ಗ್ರಾಹಕ ಹಕ್ಕು ನಿಯಮಗಳ ತಿದ್ದುಪಡಿ ಪ್ರಕಾರ, ಸ್ಮಾರ್ಟ್ ಮೀಟರ್ ಇರುವವರಿಗೆ ಸೌರ ವಿದ್ಯುತ್ ಇರುವ ತಾಸುಗಳಲ್ಲಿ ದರ ನೂರಕ್ಕೆ 20ರಷ್ಟು ಕಡಿಮೆ, ಸಂಜೆಯ ಏರು ಹೊತ್ತಿನಲ್ಲಿ 10ರಿಂದ 20ರಷ್ಟು ಹೆಚ್ಚು ಇರಬೇಕು. ನಿಮ್ಮ ಮನೆಗೆ ಈ ದರ ಬಂದಿದೆಯೋ ಇಲ್ಲವೋ ಎಂಬುದು ಬಿಲ್ಲಿನಲ್ಲೇ ತಿಳಿಯುತ್ತದೆ. ಯೂನಿಟ್ಟುಗಳನ್ನು ಹೊತ್ತಿನ ಪ್ರಕಾರ ಬೇರೆ ಬೇರೆ ಸಾಲಿನಲ್ಲಿ ತೋರಿಸಿರುತ್ತಾರೆ.

ಮನೆ ಮಾಳಿಗೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕೆಂದಿದ್ದೇನೆ. ಲಾಭವಿದೆಯೆ? ಹಾಕಿಸುವಾಗ ಏನು ನೋಡಬೇಕು?
– ನಿವೃತ್ತ ಶಿಕ್ಷಕರು, ಜಮಖಂಡಿ

ಮೊದಲು ಒಂದು ವರ್ಷದ ಬಿಲ್ ಎದುರಿಗಿಟ್ಟುಕೊಳ್ಳಿ ಸರ್. ತಿಂಗಳಿಗೆ 80-100 ಯೂನಿಟ್ ಬಳಸಿ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿದ್ದರೆ, ಉಳಿತಾಯಕ್ಕಾಗಿ ಸೋಲಾರ್ ಹಾಕಿಸುವುದರಲ್ಲಿ ಅರ್ಥವಿಲ್ಲ. ತಿಂಗಳಿಗೆ 250 ಯೂನಿಟ್ ದಾಟುವ ಮನೆಗೆ ಖಂಡಿತ ಲಾಭ.

ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಆರ್‌ಆರ್ ನಂಬರ್ ಕೊಟ್ಟು ಅರ್ಜಿ ಹಾಕಬೇಕು, ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂ ಒಪ್ಪಿಗೆ ಬಂದ ಮೇಲೆ ನೋಂದಾಯಿತ ಗುತ್ತಿಗೆದಾರರಿಂದ ಹಾಕಿಸಬೇಕು, ಹೋಗುವ ಬರುವ ಕರೆಂಟು ಎರಡನ್ನೂ ಅಳೆಯುವ ನೆಟ್ ಮೀಟರ್ ಕೂಡಿಸಿ ಪರಿಶೀಲನೆ ಮುಗಿದ ಮೇಲೆ ಹಣ ಬ್ಯಾಂಕ್ ಖಾತೆಗೆ. ಪ್ಯಾನೆಲ್ಲಿನ ಒಳಗಿನ ಸೆಲ್ ಕೂಡ ದೇಶದಲ್ಲೇ ತಯಾರಾದದ್ದಿರಬೇಕು, ಇಲ್ಲವಾದರೆ ಸಹಾಯಧನ ಸಿಗದು. ಕರಾರಿನಲ್ಲಿ ಇದನ್ನು ಬರೆಸಿಕೊಳ್ಳಿ.

3 ಕಿಲೋವ್ಯಾಟಿಗೆ 540 ವ್ಯಾಟಿನ ಆರು ಪ್ಯಾನೆಲ್. ಓಡಾಡಿ ತೊಳೆಯುವ ದಾರಿಯೂ ಸೇರಿ 250ರಿಂದ 300 ಚದರಡಿ ಬೇಕು. ದಕ್ಷಿಣಕ್ಕೆ ಮುಖ, 15ರಿಂದ 17 ಡಿಗ್ರಿ ಇಳಿಜಾರು. ಬೆಳಿಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ಮಾಳಿಗೆ ಹತ್ತಿ ನೀರಿನ ಟ್ಯಾಂಕು, ಪಕ್ಕದ ಮನೆಯ ಗೋಡೆಯ ನೆರಳು ಎಲ್ಲಿಗೆ ಬರುತ್ತದೆ ಎಂದು ಸುಣ್ಣದಿಂದ ಗೆರೆ ಎಳೆಯಿರಿ. ಡಿಸೆಂಬರಿನಲ್ಲಿ ಆ ನೆರಳು ಉತ್ತರಕ್ಕೆ ಇನ್ನೂ ಉದ್ದ ಚಾಚುತ್ತದೆ. ಪ್ಯಾನೆಲ್ಲುಗಳು ಸರಪಳಿಯಂತೆ ಕೂಡಿರುತ್ತವೆ, ಒಂದರ ಮೂಲೆಗೆ ನೆರಳು ಬಿದ್ದರೆ ಪೆಟ್ಟು ಇಡೀ ಸಾಲಿಗೆ.

ವರ್ಷದ ಸರಾಸರಿಯಲ್ಲಿ ದಿನಕ್ಕೆ 12 ಯೂನಿಟ್, ತಿಂಗಳಿಗೆ 350ರ ಸುತ್ತ. ಬಿಸಿಲು ಹೆಚ್ಚಿದಷ್ಟೂ ಕರೆಂಟು ಹೆಚ್ಚು ಎಂದು ಎಲ್ಲರೂ ತಿಳಿಯುತ್ತಾರೆ. ಬೆಳಕು ಬೇಕು, ಕಾವು ಬೇಡ. ಪ್ಯಾನೆಲ್ಲಿನ ಮೇಲೆ ಬರೆದ ವ್ಯಾಟ್ 25 ಡಿಗ್ರಿ ಕಾವಿನಲ್ಲಿ ಅಳೆದದ್ದು. ಏಪ್ರಿಲಿನ ಮಧ್ಯಾಹ್ನ ಗಾಳಿ 40 ಡಿಗ್ರಿ ಇದ್ದಾಗ ಪ್ಯಾನೆಲ್ 65 ಮುಟ್ಟುತ್ತದೆ. ಡಿಗ್ರಿಗೆ ನೂರಕ್ಕೆ 0.35ರಿಂದ 0.4ರಂತೆ 14ರಿಂದ 16 ಭಾಗ ಖೋತಾ. ಆದ್ದರಿಂದ ಪ್ಯಾನೆಲ್ಲಿನ ಕೆಳಗೆ ಗಾಳಿ ಆಡಲು ಕನಿಷ್ಠ ಅರ್ಧ ಅಡಿ ಸಂದು ಬಿಡಿಸಿ, ತಗಡಿಗೆ ಒತ್ತಿ ಕೂಡಿಸಬಾರದು.

ಧೂಳಿನ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮೊದಲೇ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯವಿದೆ. ನಮ್ಮ ಕಡೆಯ ಬೋರಿನ ಗಡಸು ನೀರು ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ, ಅದು ಒಣಗುವ ಮೊದಲೇ ರಬ್ಬರ್ ವೈಪರಿನಿಂದ ಎಳೆದುಬಿಡಿ.

ಅರ್ಥಿಂಗ್ ಮೂರು ಬೇಕು: ಪ್ಯಾನೆಲ್ ಕಡೆಗೆ ಒಂದು, ಇನ್ವರ್ಟರಿನ ಏಸಿ ಕಡೆಗೆ (ಮನೆಯ ಲೈನಿನ ಕಡೆಗೆ) ಒಂದು, ಸಿಡಿಲು ತಡೆಯುವ ಕಂಬಿಗೆ ಪ್ರತ್ಯೇಕ ಒಂದು. ಮೂರನ್ನೂ ಒಂದೇ ಗುಂಡಿಗೆ ಇಳಿಸಿ ಮುಗಿಸುವವರಿದ್ದಾರೆ, ಒಪ್ಪಬೇಡಿ. ಬೆಂಕಿ ಹೊತ್ತುವ ಜಾಗ ಹೆಚ್ಚಾಗಿ ಪ್ಯಾನೆಲ್ ತಂತಿಯ ಕನೆಕ್ಟರ್. ಬೇರೆ ಬೇರೆ ಕಂಪನಿಯ ಗಂಡು-ಹೆಣ್ಣು ಕನೆಕ್ಟರ್ ಜೋಡಿಸಿದ್ದರೆ, ಸಾದಾ ಇಕ್ಕಳದಿಂದ ಒತ್ತಿದ್ದರೆ, ಒಳಗೆ ಸಡಿಲ ಉಳಿದು ಕಿಡಿ ಹಾರಿ ಪ್ಲಾಸ್ಟಿಕ್ ಕರಗುತ್ತದೆ. ವರ್ಷಕ್ಕೊಮ್ಮೆ ಸೂರ್ಯ ಮುಳುಗಿದ ಮೇಲೆ, ಇನ್ವರ್ಟರ್ ಬಂದ್ ಮಾಡಿಸಿ, ಕಂದು ಬಣ್ಣಕ್ಕೆ ತಿರುಗಿದ ಕನೆಕ್ಟರ್ ಇದೆಯೇ ನೋಡಿಸಿ.

ಕರೆಂಟು ಹೋದಾಗ ಈ ಸೋಲಾರೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ನಿಗೆ ನಿಮ್ಮ ಮನೆಯಿಂದ ಕರೆಂಟು ಹಾಯಬಾರದು ಎಂದು ಹಾಗೆ ಮಾಡಿದ್ದಾರೆ. ಮನೆಯ ಹಳೆಯ ಯುಪಿಎಸ್ ಇರಲಿ, ಆದರೆ ಸೋಲಾರ್ ಇನ್ವರ್ಟರನ್ನು ಅದರ ಹೊರದಾರಿಗೆ ಕೂಡಿಸಕೂಡದು. ಮಧ್ಯಾಹ್ನ ಪೂರ್ತಿ ಬಿಸಿಲಿದ್ದೂ ಇನ್ವರ್ಟರ್ ಮೇಲಿಂದ ಮೇಲೆ ನಿಂತರೆ ಅದರ ಪರದೆಯಲ್ಲಿ ವೋಲ್ಟೇಜ್ ಓದಿ. 250 ದಾಟಿದ್ದರೆ ತಪ್ಪು ಪ್ಯಾನೆಲ್ಲಿನದಲ್ಲ. ಇನ್ವರ್ಟರಿನಿಂದ ಮೀಟರಿಗೆ ಬರುವ ಕೇಬಲ್ ತೆಳುವಾಗಿದೆ ಅಥವಾ ವೋಲ್ಟೇಜ್ ಹೊಂದಿಸುವ ಟೀಸಿಯ ಟ್ಯಾಪ್ ಮೇಲಿನ ಹಂತದಲ್ಲಿದೆ. ಕೇಬಲ್ ದಪ್ಪದ್ದು ಹಾಕಿಸಿ, ಆಮೇಲೂ ಇಳಿಯದಿದ್ದರೆ ಟ್ಯಾಪ್ ಬದಲಿಸಲು ಅರ್ಜಿ ಕೊಡಿ.

ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಚಳಿಗಾಲದಾಗ ಯಾಕ ಸುಮ್ನ ನಿಂತಿರ್ತಾವ?
– ಹೈಸ್ಕೂಲ್ ವಿದ್ಯಾರ್ಥಿ, ಸವದತ್ತಿ

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಅರ್ಧಕ್ಕಿಳಿದರೆ ಎಂಟನೇ ಒಂದು ಪಾಲು. ಸೆಕೆಂಡಿಗೆ 3 ಮೀಟರಿಗಿಂತ ಕಡಿಮೆ ಗಾಳಿಯಲ್ಲಿ ಫ್ಯಾನು ಕರೆಂಟು ಮಾಡುವುದೇ ಇಲ್ಲ. ವರ್ಷದ ಗಾಳಿ ವಿದ್ಯುತ್ತಿನ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕ, ನೈರುತ್ಯ ಮಾರುತದ ಕಾಲದಲ್ಲೇ ಬರುತ್ತದೆ. ಮೋಡ ಕವಿದು ಸೌರ ವಿದ್ಯುತ್ ಕುಗ್ಗುವುದೂ ಆಗಲೇ. ಒಂದು ಕಡಿಮೆಯಾದಾಗ ಇನ್ನೊಂದು ಹೆಚ್ಚುವುದರಿಂದ ನಮ್ಮ ಭಾಗದಲ್ಲಿ ಎರಡನ್ನೂ ಒಂದೇ ಲೈನಿಗೆ ಕೂಡಿಸುವುದು ಜಾಣತನ. ಜೋರು ಗಾಳಿಯಲ್ಲೂ ಫ್ಯಾನು ನಿಂತಿದ್ದರೆ ರಿಪೇರಿ ಇರಬಹುದು, ಇಲ್ಲವೇ ಲೈನಿನಲ್ಲಿ ಜಾಗವಿಲ್ಲದೆ ನಿಲ್ಲಿಸಿರಬಹುದು. ಸೆಕೆಂಡಿಗೆ 20-25 ಮೀಟರ್ ಮೀರಿದ ಬಿರುಗಾಳಿಗೆ ಅದು ತಾನಾಗಿಯೇ ರೆಕ್ಕೆಯ ಅಂಚನ್ನು ಗಾಳಿಗೆ ಒಡ್ಡಿ ನಿಲ್ಲುತ್ತದೆ.

ಕೂಡಗಿ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿಯ ಕರೆಂಟು ಮೊದಲು ನಮಗೆ ಕೊಡಬಾರದೆ?
– ನೇಕಾರರು, ವಿಜಯಪುರ ಜಿಲ್ಲೆ

ಕೂಡಗಿ ಸ್ಥಾವರ ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿಯದು. ಅದರ ವಿದ್ಯುತ್ ದಕ್ಷಿಣದ ರಾಜ್ಯಗಳಿಗೆ ಪಾಲು ಪ್ರಕಾರ ಹಂಚಿಕೆ. ಆ ಪಾಲು ದುಡ್ಡಿನ, ಕರಾರಿನ ಲೆಕ್ಕ. ತಂತಿಯಲ್ಲಿ ವಿದ್ಯುತ್ ಕರಾರು ಓದಿ ಹೋಗುವುದಿಲ್ಲ, ಅಡ್ಡಿ ಕಡಿಮೆ ಇರುವ ದಾರಿ ಹಿಡಿಯುತ್ತದೆ. ಹಾಗಾಗಿ ಕೂಡಗಿಯ ಬಳಿಯ ಊರುಗಳಲ್ಲಿ ಉರಿಯುವುದರಲ್ಲಿ ಕೂಡಗಿಯದೇ ಹೆಚ್ಚು, ಹೆಸರು ಯಾರದ್ದೇ ಇರಲಿ.

ನಿಮ್ಮ ಮಗ್ಗ ನಿಲ್ಲುವುದಕ್ಕೆ ದೇಶದಲ್ಲಿ ಕರೆಂಟಿಲ್ಲ ಎಂಬುದು ಈಗ ಅಪರೂಪದ ಕಾರಣ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕೆವಿ ಲೈನ್ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ಡಿಗೆ ಕೂಡಿತು. ಅಂದಿನಿಂದ ರಾಜಸ್ಥಾನದ ಬಿಸಿಲು, ಛತ್ತೀಸ್‌ಗಡದ ಕಲ್ಲಿದ್ದಲು, ನಮ್ಮ ಗುಡ್ಡದ ಗಾಳಿ ಎಲ್ಲವೂ ಒಂದೇ ಫ್ರೀಕ್ವೆನ್ಸಿಯಲ್ಲಿ ಓಡುತ್ತಿವೆ. ಮಗ್ಗ ನಿಲ್ಲುವುದು ಹೆಚ್ಚಾಗಿ ಕೊನೆಯ ಹನ್ನೊಂದು ಕೆವಿ ಲೈನಿನಲ್ಲಿ: ಮರದ ಟೊಂಗೆ, ಒಡೆದ ಪಿಂಗಾಣಿ ಇನ್ಸುಲೇಟರ್, ತುಂಬಿದ ಟೀಸಿ. ನಿಂತ ಪ್ರತಿ ಸಲ ತಾರೀಖು, ಹೊತ್ತು, ಎಷ್ಟು ನಿಮಿಷ ಎಂದು ಒಂದು ವಹಿಯಲ್ಲಿ ಬರೆದಿಡಿ, 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಅದರ ಮುಂದೆ ಬರೆಯಿರಿ. ಒಂದು ತಿಂಗಳ ವಹಿಯನ್ನು ಸೆಕ್ಷನ್ ಆಫೀಸಿಗೆ ಕೊಟ್ಟು ಸ್ವೀಕೃತಿ ಪಡೆದರೆ ಯಾವ ಕಂಬದಿಂದ ಯಾವ ಕಂಬದ ನಡುವೆ ದೋಷವಿದೆ ಎಂದು ಹುಡುಕುವುದು ಅವರಿಗೂ ಸುಲಭ.